ಮಾತಿಗೆ ಮೊದಲು ಬರುವ ಸೇವೆ: ಬಾನ್‌ಹಾಫರರ ಒಂದು ಅಧ್ಯಾಯದ ವಿಮರ್ಶೆ

ಸೆಮಿನರಿಯ ಬದುಕಿನಿಂದಲೇ ಹುಟ್ಟಿ, ಸೆಮಿನರಿಗಳಲ್ಲಿ ಇಂದಿಗೂ ಓದಲ್ಪಡುತ್ತಿರುವ ಕೃತಿ ಡೀಟ್ರಿಕ್ ಬಾನ್‌ಹಾಫರರ ‘ಲೈಫ್ ಟುಗೆದರ್’. ಜರ್ಮನಿಯ ಪ್ರೊಟೆಸ್ಟಂಟರಲ್ಲಿ ನಾಜಿ ಆಡಳಿತದ ಹಿಡಿತಕ್ಕೆ ಒಳಪಡಲೊಪ್ಪದವರು ‘ಕನ್ಫೆಸಿಂಗ್ ಚರ್ಚ್’ ಎಂಬ ಹೆಸರಿನಲ್ಲಿ ಒಂದುಗೂಡಿದ್ದರು. ಅವರಿಗಾಗಿ ಬಾನ್‌ಹಾಫರರು 1935ರಿಂದ ಫಿಂಕನ್‌ವಾಲ್ಡೆಯಲ್ಲಿ ನಡೆಸಿದ ಸೆಮಿನರಿಯನ್ನು ಗೆಸ್ಟಾಪೊ 1937ರಲ್ಲಿ ಮುಚ್ಚಿಸಿತು. ಮರುವರ್ಷ ಅವರು ಗಾಟಿಂಗೆನ್‌ನಲ್ಲಿದ್ದ ತಮ್ಮ ಅವಳಿ ಸೋದರಿಯ ಮನೆಯಲ್ಲಿ ಕುಳಿತು ಕೆಲವೇ ವಾರಗಳಲ್ಲಿ ಈ ಚಿಕ್ಕ ಪುಸ್ತಕವನ್ನು ಬರೆದರು. 1939ರಲ್ಲಿ ಅದು ಪ್ರಕಟವಾಯಿತು. ಅದರ ಐದು ಅಧ್ಯಾಯಗಳಲ್ಲಿ ಸೇವೆಯನ್ನು ಕುರಿತಾದ ನಾಲ್ಕನೆಯದನ್ನು ಮಾತ್ರ ನಾವು ಇಲ್ಲಿ ಪರಿಶೀಲಿಸುತ್ತೇವೆ. ಸಭೆಯಲ್ಲಿ ಒಬ್ಬರನ್ನೊಬ್ಬರು ಧೈರ್ಯಪಡಿಸುವುದೆಂದರೇನು ಎಂಬ ಪ್ರಶ್ನೆಗೆ ಈ ಅಧ್ಯಾಯವು ಕೊಡುವ ಉತ್ತರ ಅಮೂಲ್ಯವಾದುದು. ಆದರೆ ಅದು ಸಂಪೂರ್ಣವಾದುದಲ್ಲ ಎಂಬುದು ನಮ್ಮ ಅಭಿಪ್ರಾಯ.

ತಮ್ಮಲ್ಲಿ ಯಾರು ದೊಡ್ಡವನೆಂದು ಶಿಷ್ಯರು ವಾದಿಸಿದ ಪ್ರಸಂಗದಿಂದ, ಅಂದರೆ ಲೂಕ 9:46ರಿಂದ, ಅಧ್ಯಾಯವು ಆರಂಭವಾಗುತ್ತದೆ. ಕ್ರೈಸ್ತರ ಯಾವ ಕೂಟದಲ್ಲಿಯೂ ಈ ವಾದದ ಬೀಜ ಇದ್ದೇ ಇರುತ್ತದೆಂದು ಎಚ್ಚರಿಸಿ, ಅದಕ್ಕೆ ಪ್ರತಿಯಾಗಿ ಲೇಖಕರು ಏಳು ಬಗೆಯ ಸೇವೆಗಳನ್ನು ಕ್ರಮವಾಗಿ ನಿರೂಪಿಸುತ್ತಾರೆ. ಮೊದಲನೆಯದು ನಾಲಿಗೆಯನ್ನು ಬಿಗಿಹಿಡಿಯುವುದು; ಎರಡನೆಯದು ದೀನತೆ; ಮೂರನೆಯದು ಕಿವಿಗೊಡುವುದು; ನಾಲ್ಕನೆಯದು ಸಣ್ಣಪುಟ್ಟ ಕೆಲಸಗಳಲ್ಲಿ ನೆರವಾಗುವುದು; ಐದನೆಯದು ಭಾರವನ್ನು ಹೊರುವುದು. ದೇವರ ವಾಕ್ಯವನ್ನು ಸಹೋದರನಿಗೆ ನುಡಿಯುವ ಸೇವೆ ಆರನೆಯದು. ಅಧಿಕಾರವೆಂಬುದು ಕಟ್ಟಕಡೆಯದು.

ಈ ಅನುಕ್ರಮವೇ ಅಧ್ಯಾಯದ ಮುಖ್ಯ ವಾದವೆಂದು ನಾವು ತಿಳಿಯುತ್ತೇವೆ. ನಾವು ಸಾಮಾನ್ಯವಾಗಿ ‘ಧೈರ್ಯಪಡಿಸುವುದು’ ಎಂದು ಕರೆಯುವ ಕ್ರಿಯೆ ಇಲ್ಲಿ ಆರನೆಯ ಮೆಟ್ಟಿಲಲ್ಲಿದೆ. ಹಿಂದಿನ ಐದನ್ನು ಹತ್ತದವನ ಮಾತಿಗೆ ತೂಕವಿಲ್ಲವೆಂಬುದು ಲೇಖಕರ ನಿಲುವು. ಸಹೋದರನಿಗೆ ಕಿವಿಗೊಡಲಾರದವನು ಕ್ರಮೇಣ ದೇವರಿಗೂ ಕಿವಿಗೊಡಲಾರದವನಾಗುತ್ತಾನೆಂದು ಅವರು ಎಚ್ಚರಿಸುತ್ತಾರೆ. ನಮ್ಮ ಸಭಾಪಾಲನೆಯಲ್ಲಿ ಈ ಕ್ರಮವು ಎಷ್ಟೋ ವೇಳೆ ತಲೆಕೆಳಗಾಗಿರುತ್ತದೆ. ಸಭಾಪಾಲಕರು ಮನೆಗೆ ಬರುತ್ತಾರೆ. ವಾಕ್ಯವನ್ನೋದಿ, ಪ್ರಾರ್ಥಿಸಿ, ಆಶೀರ್ವದಿಸಿ ಮುಂದಿನ ಮನೆಗೆ ಹೊರಡುತ್ತಾರೆ. ಆ ಮನೆಯವರು ತಮ್ಮ ಸಂಕಟವನ್ನು ಹೇಳಿಕೊಳ್ಳುವ ಮೊದಲೇ ಅದಕ್ಕೆ ಸಾಂತ್ವನ ದೊರೆತುಬಿಟ್ಟಿರುತ್ತದೆ. ಇಂಥ ಅವಸರದ ಸಾಂತ್ವನವನ್ನು ಈ ಅಧ್ಯಾಯವು ಯಾವ ಮುಲಾಜಿಲ್ಲದೆ ಪ್ರಶ್ನಿಸುತ್ತದೆ.

ಇಷ್ಟನ್ನು ಒಪ್ಪಿಕೊಂಡ ಬಳಿಕ ಒಂದು ಪ್ರಶ್ನೆಯನ್ನು ಎತ್ತಬೇಕಾಗಿದೆ. ಈ ಮಾತುಗಳು ಯಾರನ್ನು ಉದ್ದೇಶಿಸಿದವು? ಫಿಂಕನ್‌ವಾಲ್ಡೆಯಲ್ಲಿದ್ದವರು ಸಭಾಪಾಲನೆಗೆ ಸಿದ್ಧರಾಗುತ್ತಿದ್ದ ಸುಶಿಕ್ಷಿತ ಯುವಕರು. ನಾಳೆ ಪ್ರಸಂಗಪೀಠವನ್ನೇರುವವನಿಗೆ ಮೌನವನ್ನು ಕಲಿಸುವುದು ಯುಕ್ತವೇ. ಆ ವಿದ್ಯಾರ್ಥಿಗಳ ನೆನಪುಗಳಲ್ಲಿ ಉಳಿದುಬಂದ ಒಂದು ಪ್ರಸಂಗವುಂಟು. ಸೆಮಿನರಿಯ ಆರಂಭದ ದಿನಗಳಲ್ಲಿ ಅಡುಗೆಮನೆಯಿಂದ ನೆರವು ಕೋರಿ ಕರೆ ಬಂದಾಗ ಯಾರೂ ಮೇಲೇಳಲಿಲ್ಲ. ಬಾನ್‌ಹಾಫರರು ತಾವೇ ಎದ್ದುಹೋಗಿ, ಬಾಗಿಲು ಹಾಕಿಕೊಂಡು, ಹಿಂದೆ ಬಂದ ವಿದ್ಯಾರ್ಥಿಗಳನ್ನು ಒಳಗೆ ಬಿಡದೆ ಕೆಲಸ ಮಾಡಿದರಂತೆ. ಗುರುವಿನ ಆ ನಡತೆ ಮೆಚ್ಚತಕ್ಕದ್ದು. ಆದರೆ ಅಡುಗೆಮನೆಯಲ್ಲಿ ಅದುವರೆಗೆ ದುಡಿಯುತ್ತಿದ್ದವರ ಕಡೆಗೆ ಈ ಅಧ್ಯಾಯವು ತಿರುಗಿ ನೋಡುವುದಿಲ್ಲ. ಅವರಿಗೂ ದೀನತೆಯನ್ನು ಬೋಧಿಸಬೇಕೇ?

ನಮ್ಮ ಸಭೆಗಳಲ್ಲಿ ಇದು ಬರಿಯ ತರ್ಕದ ಪ್ರಶ್ನೆಯಲ್ಲ. ಪ್ರೀತಿಭೋಜನದ ದಿನ ಪಾತ್ರೆ ತೊಳೆಯುವ ಕೈಗಳು ಯಾವುವು, ಸಭಾಸಮಿತಿಯಲ್ಲಿ ಮಾತನಾಡುವ ಬಾಯಿಗಳು ಯಾವುವು ಎಂದು ಗಮನಿಸಿದರೆ ಸಾಕು. ಹುಟ್ಟಿದಂದಿನಿಂದ ನಾಲಿಗೆಯನ್ನು ಬಿಗಿಹಿಡಿದೇ ಬಾಳಿದ ಸ್ತ್ರೀಗೆ, ಜಾತಿಯ ಕಾರಣದಿಂದ ಹಿಂದಿನ ಬೆಂಚಿಗೆ ಒಗ್ಗಿಹೋದ ಕುಟುಂಬಕ್ಕೆ, ಮೌನ ಮತ್ತು ದೀನತೆಗಳನ್ನು ಸೇವೆಯೆಂದು ಬೋಧಿಸಿದರೆ, ಇದ್ದ ಭಾರದ ಮೇಲೆ ಇನ್ನೊಂದನ್ನು ಹೊರಿಸಿದಂತಾಗುತ್ತದೆ. ಪ್ರತಿಯೊಬ್ಬನೂ ತನ್ನನ್ನು ಪಾಪಿಗಳಲ್ಲಿ ಮೊದಲಿಗನೆಂದು ಎಣಿಸಬೇಕೆಂದು ಬಾನ್‌ಹಾಫರರು ಬಯಸುತ್ತಾರೆ. ಅಹಂಕಾರವನ್ನೇ ಪಾಪದ ಮೂಲರೂಪವಾಗಿ ಕಾಣುವ ಇಂಥ ದೇವಶಾಸ್ತ್ರವು ಪುರುಷರ ಅನುಭವವನ್ನೇ ಸರ್ವರ ಅನುಭವವೆಂದು ಭಾವಿಸುತ್ತದೆಂದು ವ್ಯಾಲರಿ ಸೇವಿಂಗ್ 1960ರಲ್ಲಿ ಬರೆದ ಲೇಖನವೊಂದರಲ್ಲಿ ತೋರಿಸಿದರು. ಆಕೆಯ ಗುರಿ ಬಾನ್‌ಹಾಫರರಾಗಿರಲಿಲ್ಲವಾದರೂ ಆ ಆಕ್ಷೇಪಣೆ ಈ ಪುಟಗಳಿಗೂ ತಾಗುತ್ತದೆ.

ಈ ವಿಷಯದಲ್ಲಿ ಅಪೊಸ್ತಲನಾದ ಪೌಲನು ಹೆಚ್ಚು ಸೂಕ್ಷ್ಮದರ್ಶಿ. 1 ಥೆಸಲೋನಿಕ 5:14ರಲ್ಲಿ ಆತನು ಅಕ್ರಮವಾಗಿ ನಡೆಯುವವರಿಗೆ ಬುದ್ಧಿವಾದವನ್ನು, ಮನಗುಂದಿದವರಿಗೆ ಧೈರ್ಯವನ್ನು, ಬಲಹೀನರಿಗೆ ಆಸರೆಯನ್ನು ವಿಧಿಸಿ, ತಾಳ್ಮೆಯೊಂದನ್ನು ಮಾತ್ರ ಎಲ್ಲರಿಗೂ ಸಮಾನವಾಗಿ ಹಂಚುತ್ತಾನೆ. ರೋಗಕ್ಕೆ ತಕ್ಕ ಮದ್ದು ಎಂಬುದು ಆತನ ಕ್ರಮ. ಗಲಾತ್ಯ 6ರಲ್ಲಿಯೂ ಒಬ್ಬರ ಭಾರವನ್ನೊಬ್ಬರು ಹೊರಬೇಕೆಂದು ಎರಡನೆಯ ವಚನದಲ್ಲಿ ಹೇಳಿದ ಪೌಲನು, ಪ್ರತಿಯೊಬ್ಬನು ತನ್ನ ಹೊರೆಯನ್ನು ತಾನೇ ಹೊರಬೇಕೆಂದು ಐದನೆಯದರಲ್ಲಿ ಹೇಳುತ್ತಾನೆ. ಗ್ರೀಕ್ ಮೂಲದಲ್ಲಿ ಮೊದಲನೆಯದು ‘ಬಾರೊಸ್’, ಎರಡನೆಯದು ‘ಫೊರ್ಟಿಯೊನ್’. ಬಾನ್‌ಹಾಫರರ ವಿವೇಚನೆ ಎರಡನೆಯ ವಚನವನ್ನು ಆಧರಿಸಿದೆ. ಐದನೆಯದನ್ನೂ ಜೊತೆಗಿಟ್ಟು ಓದಿದರೆ, ತಾವು ಹೊರಬೇಕಾದುದನ್ನು ಇತರರ ಹೆಗಲಿಗೆ ಸಾಗಿಸಿದವರೂ ಸಭೆಯಲ್ಲಿ ಇರಬಹುದೆಂಬ ಅರಿವು ಮೂಡುತ್ತದೆ. ಅಂಥಲ್ಲಿ ದಣಿದವರನ್ನು ವೇದಿಕೆಯ ಮೇಲೆ ಹೊಗಳಿ, ಶಾಲು ಹೊದಿಸಿ, ಮರುದಿನ ಅದೇ ಕೆಲಸಕ್ಕೆ ಕಳುಹಿಸುವುದು ಧೈರ್ಯಪಡಿಸುವಿಕೆಯಲ್ಲ. ಕೆಲಸವನ್ನು ಹಂಚಿಕೊಳ್ಳುವುದೇ ಅವರಿಗೆ ಸಲ್ಲಬೇಕಾದ ಸಾಂತ್ವನ.

ಈ ಕೊರತೆಗೆ ಪರಿಹಾರವನ್ನು ಹೊರಗಿನಿಂದ ತರಬೇಕಾಗಿಲ್ಲ. ಅದು ಕೃತಿಯೊಳಗೇ ಇದೆ. ತನ್ನೊಳಗಿನ ಕ್ರಿಸ್ತನಿಗಿಂತ ಸಹೋದರನ ಮಾತಿನಲ್ಲಿರುವ ಕ್ರಿಸ್ತನು ಹೆಚ್ಚು ಬಲವುಳ್ಳವನೆಂದು ಮೊದಲ ಅಧ್ಯಾಯವು ಪ್ರತಿಪಾದಿಸುತ್ತದೆ. ತಾನೇ ಪಾಪನಿವೇದನೆ ಮಾಡದವನು ಇತರರ ನಿವೇದನೆಯನ್ನು ಕೇಳಬಾರದೆಂದು ಕೊನೆಯ ಅಧ್ಯಾಯವು ನಿಯಮಿಸುತ್ತದೆ. ಇವೆರಡನ್ನೂ ನಾಲ್ಕನೆಯ ಅಧ್ಯಾಯದೊಂದಿಗೆ ಜೋಡಿಸಿದಾಗ ಏಳರ ಪಟ್ಟಿಯಲ್ಲಿ ಹೆಸರಿಲ್ಲದ ಎಂಟನೆಯ ಸೇವೆಯೊಂದು ಗೋಚರಿಸುತ್ತದೆ: ಸೇವೆಯನ್ನು ಸ್ವೀಕರಿಸುವುದು. ಯೋಹಾನ 13ರಲ್ಲಿ ಪೇತ್ರನಿಗೆ ಕಷ್ಟವೆನಿಸಿದ್ದು ಇದೇ. ಕಾಲು ತೊಳೆಯಿಸಿಕೊಳ್ಳಲು ಒಪ್ಪದ ಸಭಾಪಾಲಕನು ತನ್ನ ದೊಡ್ಡಸ್ತಿಕೆಯನ್ನು ಸೇವೆಯ ಹೆಸರಿನಲ್ಲಿಯೇ ಕಾಪಾಡಿಕೊಳ್ಳಬಲ್ಲನು.

ಆದುದರಿಂದ ನಮ್ಮ ತರಗತಿಗಳಲ್ಲಿ ಈ ಅಧ್ಯಾಯವನ್ನು ಎರಡು ದಿಕ್ಕಿನಿಂದ ಓದಬೇಕೆಂದು ನಾವು ಸೂಚಿಸುತ್ತೇವೆ. ಮಾತು ಮತ್ತು ಅಧಿಕಾರಗಳನ್ನು ಪಡೆದವರು, ಎಂದರೆ ಈ ಪತ್ರಿಕೆಯ ಓದುಗರಲ್ಲಿ ಬಹುಮಂದಿ, ಮೊದಲ ಮೆಟ್ಟಿಲಿನಿಂದಲೇ ಆರಂಭಿಸಲಿ. ಅವು ದೊರೆಯದವರಿಗೆ ಆರನೆಯ ಮೆಟ್ಟಿಲನ್ನು ಮೊದಲು ತೆರೆಯಬೇಕು. ಅವರು ವಾಕ್ಯವನ್ನು ನುಡಿಯಬೇಕು, ನಾವು ಕಿವಿಗೊಡಬೇಕು. ಸಭಾಪಾಲಕನ ಮೌನವು ಇನ್ನೊಬ್ಬರ ಮಾತಿಗೆ ಎಡೆಮಾಡಿಕೊಟ್ಟಾಗಲೇ ಬಾನ್‌ಹಾಫರರ ಅನುಕ್ರಮವು ತನ್ನ ಉದ್ದೇಶವನ್ನು ಪೂರೈಸುತ್ತದೆ.