ಶೇಕಡಾ 95ರ ಅಂಕಿಯ ಮರುಪರಿಶೀಲನೆ

ನಾಯಿಮರಿಯ ಜಠರವು ತಲೆಕೆಳಗಾಗಿ ಅನ್ನನಾಳದೊಳಕ್ಕೆ ಹೊಕ್ಕು ಸಿಕ್ಕಿಕೊಳ್ಳುವ ಕಾಯಿಲೆಯ ಬಗ್ಗೆ ಪಶುವೈದ್ಯಕೀಯ ಗ್ರಂಥಗಳು ಬಹುಕಾಲದಿಂದ ಒಂದೇ ಮಾತನ್ನು ಪುನರುಚ್ಚರಿಸುತ್ತ ಬಂದಿವೆ: ಸಾವಿನ ಪ್ರಮಾಣ ಶೇ 95. ಈ ಅಂಕಿಗೆ ಸಂದಿರುವ ಮನ್ನಣೆ ಅದರ ಅರ್ಹತೆಯನ್ನು ಮೀರಿದ್ದು. ಅದರ ಹಿಂದಿರುವ ಹಳೆಯ ವರದಿಗಳಲ್ಲಿ ಅನೇಕ ಪ್ರಕರಣಗಳು ಗೊತ್ತಾದದ್ದೇ ಮರಣೋತ್ತರ ಪರೀಕ್ಷೆಯಲ್ಲಿ. ಪತ್ತೆಯಾಗದೆ ಸತ್ತ ಪ್ರಾಣಿಯನ್ನು ಚಿಕಿತ್ಸೆಯ ಸೋಲೆಂದು ಎಣಿಸುವುದು ಲೆಕ್ಕದ ದೋಷ. ಅಂಕಿಯನ್ನು ನಂಬಿದ ವೈದ್ಯರು ದಯಾಮರಣ ಸೂಚಿಸಿದಾಗ ಆ ಸಾವೂ ಅಂಕಿಗೇ ಸಾಕ್ಷಿಯಾಗುತ್ತದೆ.

ರೋಗ ಹೆಚ್ಚಾಗಿ ಕಾಣುವುದು ಎಳೆಯ ನಾಯಿಗಳಲ್ಲಿ, ವಿಶೇಷವಾಗಿ ಜರ್ಮನ್ ಶೆಫರ್ಡ್ ತಳಿಯಲ್ಲಿ. ಅನ್ನನಾಳ ಸಡಿಲಗೊಂಡು ಹಿಗ್ಗುವ ಮೆಗಾಈಸೊಫೇಗಸ್ ಅನೇಕ ವೇಳೆ ಜೊತೆಗಿರುತ್ತದೆ. ಪತ್ತೆಹಚ್ಚುವ ಹಾದಿ ದುರ್ಗಮವೇನಲ್ಲ. ಎದೆಯ ಎಕ್ಸ್‌ರೇಯಲ್ಲಿ ವಪೆಯ, ಅಂದರೆ ಎದೆ ಮತ್ತು ಹೊಟ್ಟೆಗಳ ನಡುವಿನ ಸ್ನಾಯುಪರದೆಯ, ಮುಂಭಾಗದಲ್ಲಿ ಅನ್ನನಾಳವನ್ನು ತುಂಬಿದ ಮೃದು ಗಡ್ಡೆಯಂಥ ನೆರಳು ಕಾಣುತ್ತದೆ, ಹೊಟ್ಟೆಯಲ್ಲಿ ಜಠರದ ಗಾಳಿಯ ಗುಳ್ಳೆ ಎಂದಿನ ಜಾಗದಲ್ಲಿರುವುದಿಲ್ಲ. ಎಂಡೋಸ್ಕೋಪನ್ನು ಇಳಿಸಿದರೆ ಅನ್ನನಾಳದ ನಯವಾದ ಗೋಡೆಯ ಬದಲು ಜಠರದ ದಪ್ಪ ನೆರಿಗೆಗಳೇ ದಾರಿಗೆ ಅಡ್ಡವಾಗಿ ಎದುರಾಗುತ್ತವೆ, ಆಮೇಲೆ ಸಂಶಯಕ್ಕೆ ಎಡೆಯಿಲ್ಲ. ತೊಡಕಿರುವುದು ಕಾಲದಲ್ಲಿ: ವಾಂತಿಯೆಂದೋ ನುಂಗಿದ ವಸ್ತುವೆಂದೋ ಭಾವಿಸಿ ತಡಮಾಡಿದಷ್ಟೂ ಸಿಕ್ಕಿಬಿದ್ದ ಜಠರಕ್ಕೆ ರಕ್ತಸಂಚಾರ ಕುಗ್ಗುತ್ತದೆ, ಉಸಿರು ಕಟ್ಟುತ್ತದೆ, ಆಘಾತ ಆವರಿಸುತ್ತದೆ.

ಚಿಕಿತ್ಸೆಯಲ್ಲಿ ವಾದ ಎದ್ದಿರುವುದು ಗ್ಯಾಸ್ಟ್ರೊಪೆಕ್ಸಿಯ, ಎಂದರೆ ಜಠರವನ್ನು ಹೊಟ್ಟೆಯ ಗೋಡೆಗೆ ಹೊಲಿದು ನಿಲ್ಲಿಸುವ ವಿಧಾನದ, ಸುತ್ತ. ಜಠರವನ್ನು ಸ್ವಸ್ಥಾನಕ್ಕೆ ಎಳೆದರೆ ಸಾಕೆನ್ನುವವರು, ಸಡಿಲವಾದ ಅನ್ನನಾಳ ಸಡಿಲವಾಗಿಯೇ ಉಳಿದಿರುವುದನ್ನು ಮರೆಯುತ್ತಾರೆ. ಜಠರ ತಿರುಚುವ ರೋಗಕ್ಕೆ ರೂಢಿಯಲ್ಲಿರುವ ಬಲಬದಿಯ ಹೊಲಿಗೆಯನ್ನಷ್ಟೇ ಇಲ್ಲಿಗೂ ತರುವವರ ತರ್ಕವೂ ದುರ್ಬಲ: ಆ ಹೊಲಿಗೆ ಹಿಡಿಯುವುದು ಜಠರದ ಹೊರದಾರಿಯ ತುದಿಯನ್ನು, ಮೇಲಕ್ಕೆ ಜಾರುವುದು ಎಡಬದಿಯ ಬುಡದ ಭಾಗ, ಆದ್ದರಿಂದ ಎಡಬದಿಯ ಹೊಲಿಗೆ ಅನಿವಾರ್ಯ. ಆ ಬಳಿಕವೂ ನಾಯಿಯನ್ನು ನೆಟ್ಟಗೆ ನಿಲ್ಲಿಸಿ ಉಣಿಸಬೇಕಾಗುತ್ತದೆ, ಆಹಾರ ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ಬರುವ ಭಯ ಹಾಗೆಯೇ ಉಳಿಯುತ್ತದೆ.

2020ರಲ್ಲಿ ಪ್ರಕಟವಾದ 36 ನಾಯಿಗಳ ಅಧ್ಯಯನದಲ್ಲಿ ಚಿಕಿತ್ಸೆ ಪಡೆದವುಗಳ ಪೈಕಿ ಬಹುಪಾಲು ಬದುಕಿ ಮನೆಗೆ ಮರಳಿದವು. ಅಲ್ಪ ಸಂಖ್ಯೆಯ ಅಧ್ಯಯನವೆಂಬ ಆಕ್ಷೇಪ ಸರಿಯೇ, ಆದರೆ ಹಳೆಯ ಅಂಕಿಯ ಆಧಾರ ಅದಕ್ಕಿಂತ ಗಟ್ಟಿಯಾದುದಲ್ಲ. ಶೇ 95 ಎಂಬ ಸಾಲನ್ನು ಪಠ್ಯಪುಸ್ತಕಗಳು ಕೈಬಿಡಬೇಕು. ನಾಯಿಯ ಒಡೆಯರಿಗೆ ಚಿಕಿತ್ಸೆಯ ಫಲವನ್ನು ಚಿಕಿತ್ಸೆ ಪಡೆದ ನಾಯಿಗಳ ಲೆಕ್ಕದಿಂದಲೇ ಹೇಳಬೇಕು.