ಗುಡಾರದ ಗೂಟಕ್ಕೂ ಒಂದು ಅರ್ಥ

ಸತ್ಯವೇದವನ್ನು ಮೊದಲ ಪುಟದಿಂದ ಓದುತ್ತ ಬಂದವರು ವಿಮೋಚನಕಾಂಡದ 25ನೇ ಅಧ್ಯಾಯದಲ್ಲಿ ಸಾಮಾನ್ಯವಾಗಿ ಸುಸ್ತಾಗುತ್ತಾರೆ. ಸಮುದ್ರ ಇಬ್ಭಾಗವಾದ ಕಥೆ, ಬೆಟ್ಟ ಹೊಗೆಯಾಡಿದ ಕಥೆ ಮುಗಿದು, ಇಸ್ರಾಯೇಲರು ಮರುಭೂಮಿಯಲ್ಲಿ ಕಟ್ಟಬೇಕಾದ ಆರಾಧನೆಯ ಗುಡಾರಕ್ಕಾಗಿ ಬಡಗಿಯ ಲೆಕ್ಕಪತ್ರ ಶುರುವಾಗುವುದು ಇಲ್ಲಿ. ಮಂಜೂಷದ ಉದ್ದ ಎರಡೂವರೆ ಮೊಳ, ಅಗಲವೂ ಎತ್ತರವೂ ಒಂದೂವರೆ. ರೊಟ್ಟಿ ಇಡುವ ಮೇಜು ಎರಡು ಮೊಳ ಉದ್ದ. ದೀಪಸ್ತಂಭಕ್ಕೆ ಒಂದು ತಲಾಂತು ಚೊಕ್ಕ ಬಂಗಾರ, ಅಂದರೆ 30 ಕಿಲೋಗೂ ಮಿಕ್ಕಿ. ಹಲಗೆ 48, ಬೆಳ್ಳಿಯ ಅಡಿಗಟ್ಟು 100, ಆಡಿನ ಕೂದಲಿನ ಪರದೆ 11. ಇಷ್ಟನ್ನೂ ಅಪ್ಪಣೆಯಾಗಿ ಒಮ್ಮೆ ಹೇಳಿ, 35ನೇ ಅಧ್ಯಾಯದಿಂದ ಬೆಚಲೇಲನೂ ಒಹೊಲೀಯಾಬನೂ ಹಾಗೆಯೇ ಮಾಡಿದರೆಂದು ಮತ್ತೆ ಪೂರ್ತಿ ಹೇಳಲಾಗಿದೆ.

ಈ ಪಟ್ಟಿಯಲ್ಲಿ ಕ್ರಿಸ್ತನನ್ನು ಕಾಣುವ ಓದು ಸಭೆಯಷ್ಟೇ ಹಳೆಯದು. ಆದರೆ ಇವತ್ತು ಬಣ್ಣದ ಚಾರ್ಟು ತೂಗುಹಾಕಿ ಕೋಲು ಹಿಡಿದು ವಿವರಿಸುವ ಕ್ರಮ ಬಹುಮಟ್ಟಿಗೆ 19ನೇ ಶತಮಾನದ ಬ್ರೆದರನ್ ಪಂಗಡದ ಬೋಧಕರು ಹದಗೊಳಿಸಿದ್ದು. ಹೆನ್ರಿ ಸೊಲ್ಟೌ ಬರೆದ ಪುಸ್ತಕಗಳು ಅದರ ಆಕರಗಳಲ್ಲಿ ಮುಖ್ಯವಾದವು. ಅಲ್ಲಿ ಜಾಲೀಮರವೆಂದರೆ ಯೇಸುವಿನ ಮನುಷ್ಯತ್ವ, ಅದಕ್ಕೆ ಹೊದಿಸಿದ ಬಂಗಾರ ದೈವತ್ವ. ಬೆಳ್ಳಿ ವಿಮೋಚನೆ, ತಾಮ್ರ ನ್ಯಾಯತೀರ್ಪು. ನೀಲಿ ಪರಲೋಕ, ಧೂಮ್ರ ಅರಸುತನ, ಕೆಂಪು ರಕ್ತ. ಈ ಪರಂಪರೆ ಹಿಗ್ಗುತ್ತ ಹೋಗಿ ಗುಡಾರದ ಗೂಟವನ್ನೂ ಬಿಡಲಿಲ್ಲ: ಅರ್ಧ ಮಣ್ಣಿನೊಳಗೆ, ಅರ್ಧ ಮೇಲೆ, ಆದ್ದರಿಂದ ಅದು ಮರಣ ಮತ್ತು ಪುನರುತ್ಥಾನ!

ಕೇಳುವಾಗ ಚೆನ್ನಾಗಿರುತ್ತದೆ, ಒಪ್ಪೋಣ. ಯಾವ ವಸ್ತುವೂ ವ್ಯರ್ಥವಲ್ಲ ಎಂಬ ಭರವಸೆಯಲ್ಲಿ ಒಂದು ಸುಖವಿದೆ. ತೊಂದರೆ ಏನೆಂದರೆ, ಅದೇ ವಸ್ತುಗಳನ್ನು ಅಷ್ಟೇ ಶ್ರದ್ಧೆಯಿಂದ ಓದಿದ ಬೇರೆಯವರಿಗೆ ಬೇರೆಯದೇ ಕಂಡಿದೆ. ಮೊದಲನೇ ಶತಮಾನದ ಯೆಹೂದಿ ಇತಿಹಾಸಕಾರ ಜೋಸೆಫಸನಿಗೆ ಗುಡಾರವೆಂದರೆ ಬ್ರಹ್ಮಾಂಡ. ನಾರುಬಟ್ಟೆ ಭೂಮಿ, ಧೂಮ್ರವರ್ಣ ಸಮುದ್ರ, ನೀಲಿ ಗಾಳಿ, ಕೆಂಪು ಬೆಂಕಿ; ಏಳು ದೀಪ ಏಳು ಗ್ರಹ, 12 ರೊಟ್ಟಿ 12 ತಿಂಗಳು. ಮೂರನೇ ಶತಮಾನದ ಕ್ರೈಸ್ತ ಪಂಡಿತ ಒರಿಗೆನ್ ಅದೇ ಗುಡಾರವನ್ನು ವಿಶ್ವಾಸಿಯ ಎದೆಯೊಳಗೆ ಕಟ್ಟಿಸಿದ. ಅವನಿಗೆ ಬಂಗಾರ ನಂಬಿಕೆ, ಬೆಳ್ಳಿ ಬೋಧನೆಯ ಮಾತು, ತಾಮ್ರ ಸಹನೆ. ಒಂದೇ ಬೆಳ್ಳಿ ಒಬ್ಬನಿಗೆ ಬೋಧನೆ, ಇನ್ನೊಬ್ಬನಿಗೆ ವಿಮೋಚನೆ. ಇವರಲ್ಲಿ ಯಾರು ಸರಿ ಎಂದು ತೀರ್ಮಾನಿಸಲು ಪಠ್ಯದಲ್ಲಿ ಯಾವ ಆಧಾರವೂ ಇಲ್ಲ, ಏಕೆಂದರೆ ವಿಮೋಚನಕಾಂಡ ಬಣ್ಣಗಳಿಗೆ ಅರ್ಥ ಹೇಳುವ ಗೋಜಿಗೇ ಹೋಗುವುದಿಲ್ಲ.

ಹೊಸ ಒಡಂಬಡಿಕೆಯಾದರೂ ಚಾರ್ಟಿಗೆ ಒಗ್ಗುತ್ತದೆಯೇ? ದೀಪಸ್ತಂಭ ಲೋಕದ ಬೆಳಕಾದ ಕ್ರಿಸ್ತ ಎನ್ನುತ್ತಾರೆ. ಪ್ರಕಟನೆಯ ಮೊದಲ ಅಧ್ಯಾಯದಲ್ಲಿ ದೀಪಸ್ತಂಭಗಳು ಏಳು ಸಭೆಗಳು. ಕ್ರಿಸ್ತ ಅವುಗಳ ನಡುವೆ ಇರುವವನು. ಧೂಪವನ್ನು ಆತನ ಮಧ್ಯಸ್ಥಿಕೆಗೆ ಹೋಲಿಸುತ್ತಾರೆ. ಅದೇ ಪುಸ್ತಕದ ಐದನೇ ಅಧ್ಯಾಯದಲ್ಲಿ ಧೂಪವೆಂದರೆ ದೇವಜನರ ಪ್ರಾರ್ಥನೆಗಳು. ಅಪೊಸ್ತಲರ ಕಾಲದವರಿಗೆ ಈ ವಸ್ತುಗಳು ಕೈಗೆ ಬಂದಂತೆ ಬಳಸಬಹುದಾದ ಜೀವಂತ ರೂಪಕಗಳಾಗಿದ್ದವು. ಅವನ್ನು ಗೂಟಕ್ಕೆ ಕಟ್ಟಿದವರು ಆಮೇಲೆ ಬಂದವರು.

ಹಾಗೆಂದು ಕ್ರೈಸ್ತ ಓದನ್ನೇ ಪೂರ್ತಿ ತಳ್ಳಿಹಾಕುವುದು ನನ್ನ ಉದ್ದೇಶವಲ್ಲ. ಇಬ್ರಿಯರಿಗೆ ಬರೆದ ಪತ್ರಿಕೆಯನ್ನು ನೋಡಿ. ಒಂಬತ್ತನೇ ಅಧ್ಯಾಯದಲ್ಲಿ ಅದರ ಲೇಖಕ ದೀಪಸ್ತಂಭ, ಮೇಜು, ಮಂಜೂಷ, ಮನ್ನವಿದ್ದ ಪಾತ್ರೆ, ಚಿಗುರಿದ ಕೋಲು, ಕೃಪಾಸನ ಎಲ್ಲವನ್ನೂ ಹೆಸರಿಸುತ್ತಾನೆ. ಹೆಸರಿಸಿ, ಇವನ್ನು ಒಂದೊಂದಾಗಿ ವಿವರಿಸಲು ಇದು ಸಮಯವಲ್ಲವೆಂದು ಪಕ್ಕಕ್ಕಿಟ್ಟುಬಿಡುತ್ತಾನೆ. ಅವನ ಕಣ್ಣಿರುವುದು ನಡೆಯುವ ಕ್ರಿಯೆಯ ಮೇಲೆ: ತೆರೆಯ ಆಚೆಗೆ ಹೋಗುವವನು ಒಬ್ಬನೇ, ಹೋಗುವುದು ವರ್ಷದಲ್ಲಿ ಒಂದೇ ದಿನ, ಅದೂ ರಕ್ತವಿಲ್ಲದೆ ಅಲ್ಲ. ಅಂದರೆ ದಾರಿ ಇನ್ನೂ ತೆರೆದಿಲ್ಲ. ಹತ್ತನೇ ಅಧ್ಯಾಯದಲ್ಲಿ ಅವನು ಹಾಕುವ ಪಟ್ಟು ಇನ್ನೂ ಬಿಗಿ. ಯಾಜಕರು ದಿನದಿನವೂ ನಿಂತುಕೊಂಡೇ ಸೇವೆ ಮಾಡುತ್ತಾರೆ, ಅದೇ ಯಜ್ಞ ಮತ್ತೆ ಮತ್ತೆ. ಕ್ರಿಸ್ತನು ಒಂದೇ ಯಜ್ಞವನ್ನು ಅರ್ಪಿಸಿ ಕೂತುಬಿಟ್ಟ. ಈ ಮಾತು ಹಿಡಿದು ವಿಮೋಚನಕಾಂಡದ ಪಟ್ಟಿಗೆ ಹಿಂದಿರುಗಿದರೆ ಒಂದು ಸಂಗತಿ ಹೊಳೆಯುತ್ತದೆ: ಮೇಜು, ದೀಪ, ವೇದಿ, ನೀರಿನ ಬೋಗುಣಿ ಎಲ್ಲ ಇರುವ ಗುಡಾರದಲ್ಲಿ ಯಾಜಕನಿಗೆ ಕೂರಲು ಪೀಠವಿಲ್ಲ. ಇಡೀ ಸಾಮಗ್ರಿಯಲ್ಲಿ ನನಗೆ ಅತ್ಯಂತ ಬಲವಾದ ಕ್ರೈಸ್ತ ಸಂಕೇತವೆನಿಸುವುದು ಅಲ್ಲಿ ಇಲ್ಲದ ಆ ಪೀಠ. ಅದಕ್ಕೆ ಚಾರ್ಟಿನಲ್ಲಿ ಬಣ್ಣ ಬಳಿಯಲಾಗುವುದಿಲ್ಲ.

ಚಾರ್ಟಿನ ಇನ್ನೊಂದು ದೋಷ, ಅದು ವಸ್ತುಗಳನ್ನು ಅವುಗಳ ನೆಲದಿಂದ ಕೀಳುತ್ತದೆ. ಕಾದೇಶ್ ಯುದ್ಧದ ಈಜಿಪ್ಟಿನ ಉಬ್ಬುಶಿಲ್ಪಗಳಲ್ಲಿ ಎರಡನೇ ರಾಮ್ಸೆಸನ ದಂಡಿನ ಡೇರೆಯಿದೆ. ಉದ್ದನೆಯ ಹೊರಕೋಣೆ, ಒಳಕೋಣೆ, ಅಲ್ಲಿ ಅರಸನ ಹೆಸರಿನ ಎರಡೂ ಬದಿಗೆ ರೆಕ್ಕೆಬಿಚ್ಚಿದ ಆಕೃತಿಗಳು. ಮಂಜೂಷದ ಮೇಲಿನ ರೆಕ್ಕೆಯ ಕೆರೂಬಿಗಳ ನಡುವೆ ಆಸೀನನಾದ ದೇವರನ್ನು ಕಲ್ಪಿಸಿಕೊಂಡ ಜನ ದಂಡಿನ ಜೊತೆಗೆ ನಡೆಯುವ ಅರಸನನ್ನು ಬಲ್ಲವರಾಗಿದ್ದರು. ಮಂಜೂಷದ ಹೊರುಗೋಲುಗಳನ್ನು ಬಳೆಗಳಿಂದ ತೆಗೆಯಲೇಬಾರದೆಂಬ ಕಟ್ಟಪ್ಪಣೆಯಲ್ಲೂ ಇದೇ ದನಿ: ಈ ದೇವರು ಯಾವ ಗಳಿಗೆಯಲ್ಲಾದರೂ ಹೊರಡಬಹುದು. ಬೈಬಲ್ ವಿದ್ವಾಂಸ ವೆಲ್‌ಹೌಸನ್ 1878ರಲ್ಲಿ ವಾದಿಸಿದಂತೆ ಇಡೀ ಗುಡಾರವೇ ನಂತರದ ದೇವಾಲಯವನ್ನು ಹಿಂದಿನ ಮರುಭೂಮಿಗೆ ಚಾಚಿದ ಕಲ್ಪನೆಯಾಗಿದ್ದರೂ, ಹೊರುಗೋಲಿನ ಮಾತಿನ ತೂಕ ಇಳಿಯುವುದಿಲ್ಲ. ಯೆರೂಸಲೇಮಿನ ಗೋಡೆ ಬಿದ್ದು ಬಾಬಿಲೋನಿಗೆ ಸೆರೆಹೋದವರಿಗೆ ಅದು ಇನ್ನೂ ಹೆಚ್ಚು ಬೇಕಾಗಿದ್ದ ಮಾತು.

ನೆಗೆವ್ ಸೀಮೆಯ ಅರಾದ್‌ನಲ್ಲಿ ಯೆಹೂದ ರಾಜ್ಯದ ಕಾಲದ ಕೋಟೆಯೊಳಗೆ ಒಂದು ಪುಟ್ಟ ಗುಡಿ ಉತ್ಖನನದಲ್ಲಿ ಸಿಕ್ಕಿತು. ಗರ್ಭಗುಡಿಯ ಬಾಗಿಲಲ್ಲಿ ಎರಡು ಸುಣ್ಣಕಲ್ಲಿನ ಧೂಪವೇದಿಗಳು. ಮೇಲಿನ ಕರಕಲನ್ನು ಪರೀಕ್ಷಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ದೊಡ್ಡದರ ಮೇಲೆ ಉರಿದದ್ದು ಲೋಬಾನ, ಚಿಕ್ಕದರ ಮೇಲೆ ಗಾಂಜಾ. ಬೋಧಕರು ಇದಕ್ಕೆ ಯಾವ ಸದ್ಗುಣವನ್ನು ಹೊಂದಿಸುತ್ತಾರೋ ನೋಡಬೇಕು! ತಮಾಷೆ ಬಿಡಿ. ಹೊಗೆ, ಕೊಬ್ಬು, ಸಗಣಿ, ಸುಗಂಧ ಬೆರೆತ ನಿಜವಾದ ಆರಾಧನೆಯೊಂದು ಅಲ್ಲಿತ್ತು, ಮತ್ತು ಅದು ಮುಂದೆ ಬರಲಿರುವ ಯಾವುದರದೋ ನೆರಳೆಂದು ಅದನ್ನು ನಡೆಸುತ್ತಿದ್ದವರು ಭಾವಿಸಿರಲಿಲ್ಲ. ಇಸ್ರಾಯೇಲರ ಸಾಮಗ್ರಿ ಇಸ್ರಾಯೇಲರಿಗೆ ಮೊದಲು ಏನಾಗಿತ್ತು ಎಂದು ಕೇಳದೆ ಅದರ ಮೇಲೆ ತನ್ನ ಅರ್ಥ ಹೇರುವ ಓದು ಭಕ್ತಿಯ ವೇಷದಲ್ಲಿರುವ ಅಸಡ್ಡೆ.

ಆ ಮೇಜಿನ ರೊಟ್ಟಿಯ ವಿಷಯವನ್ನೇ ತೆಗೆದುಕೊಳ್ಳಿ. ಚಾರ್ಟಿನಲ್ಲಿ ಅದು ಜೀವದ ರೊಟ್ಟಿಯಾದ ಯೇಸು. ಆದರೆ ಯೋಹಾನನ ಸುವಾರ್ತೆಯ ಆರನೇ ಅಧ್ಯಾಯದಲ್ಲಿ ಆ ಮಾತು ಬರುವುದು ಮನ್ನದ ಪ್ರಸಂಗದಲ್ಲಿ, ಮೇಜಿನ ಸುಳಿವೇ ಅಲ್ಲಿಲ್ಲ. ಯಾಜಕಕಾಂಡದ 24ನೇ ಅಧ್ಯಾಯದಂತೆ ಮೇಜಿನ 12 ರೊಟ್ಟಿಗಳನ್ನು ಸಬ್ಬತ್‌ದಿನ ಬದಲಿಸಬೇಕು, ಆರೋನನೂ ಅವನ ಮಕ್ಕಳೂ ಅವನ್ನು ಪವಿತ್ರಸ್ಥಳದಲ್ಲಿ ತಿನ್ನಬೇಕು. ಸುವಾರ್ತೆಗಳಲ್ಲಿ ಯೇಸು ಈ ರೊಟ್ಟಿಯನ್ನು ನೇರವಾಗಿ ಎತ್ತುವ ಪ್ರಸಂಗ ಒಂದೇ. ಸಬ್ಬತ್‌ದಿನ ಶಿಷ್ಯರು ತೆನೆ ಮುರಿದದ್ದಕ್ಕೆ ಫರಿಸಾಯರು ಆಕ್ಷೇಪಿಸಿದಾಗ, ಅದು ತನ್ನ ಸಂಕೇತವೆಂದು ಆತ ಹೇಳುವುದಿಲ್ಲ. ದಾವೀದನಿಗೂ ಅವನ ಸಂಗಡಿಗರಿಗೂ ಹಸಿವಾಗಿತ್ತು, ಯಾಜಕರು ಮಾತ್ರ ತಿನ್ನಬೇಕಾದ ಆ ರೊಟ್ಟಿಯನ್ನು ಅವರು ತಿಂದರು ಎನ್ನುತ್ತಾನೆ.