ಮುಸ್ಸಂಜೆಯ ಹಕ್ಕಿಚಿತ್ರ: ನಾಯ್ಸ್ ಕ್ಯಾಮೆರಾ ಸೇರಿಸಿದ್ದೇ?

ನಿಸರ್ಗ ಛಾಯಾಚಿತ್ರ ಸ್ಪರ್ಧೆಗಳಿಗೆ ಚಿತ್ರ ಕಳುಹಿಸುವವರಿಗೆ ಒಂದು ವ್ಯಾಖ್ಯೆ ಚಿರಪರಿಚಿತ. ಫಿಯಾಪ್ ಎಂಬ ಅಂತರರಾಷ್ಟ್ರೀಯ ಒಕ್ಕೂಟ, ಅಮೆರಿಕದ ಫೋಟೋಗ್ರಾಫಿಕ್ ಸೊಸೈಟಿ ಮತ್ತು ಬ್ರಿಟನ್ನಿನ ರಾಯಲ್ ಫೋಟೋಗ್ರಾಫಿಕ್ ಸೊಸೈಟಿಗಳು ಒಟ್ಟಾಗಿ ಒಪ್ಪಿಕೊಂಡ ಈ ವ್ಯಾಖ್ಯೆ 2015ರಿಂದ ಜಾರಿಗೆ ಬಂದಿತು. 1971ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಯೂತ್ ಫೋಟೋಗ್ರಾಫಿಕ್ ಸೊಸೈಟಿಯಂಥ ಸಂಸ್ಥೆಗಳು ಫಿಯಾಪ್ ಮನ್ನಣೆಯಲ್ಲಿ ನಡೆಸುವ ಸ್ಪರ್ಧೆಗಳ ಮೂಲಕ ಅದು ನಮ್ಮ ಹವ್ಯಾಸಿಗಳನ್ನೂ ತಲುಪಿದೆ. ಚಿತ್ರಕ್ಕೆ ಏನನ್ನೂ ಸೇರಿಸಬಾರದು, ಅದರಿಂದ ಏನನ್ನೂ ಅಳಿಸಬಾರದು ಎಂಬ ಅದರ ನಿಲುವು ಮೆಚ್ಚತಕ್ಕದ್ದೇ. ಆದರೆ ಅಲ್ಲೊಂದು ವಿನಾಯಿತಿ ಇದೆ. ಧೂಳಿನ ಚುಕ್ಕೆ, ಫಿಲ್ಮಿನ ಗೀರು, ಡಿಜಿಟಲ್ ನಾಯ್ಸ್ ಇವು ಕ್ಯಾಮೆರಾ ಸೇರಿಸಿದ ಅಂಶಗಳು, ಆದ್ದರಿಂದ ತೆಗೆಯಬಹುದು ಎನ್ನುತ್ತದೆ ಅದು. ಮೊದಲೆರಡರ ಬಗ್ಗೆ ತಕರಾರಿಲ್ಲ. ಮೂರನೆಯದನ್ನು ಅದೇ ಸಾಲಿನಲ್ಲಿ ಕೂರಿಸಿರುವುದು ಭೌತವಿಜ್ಞಾನಕ್ಕೆ ಒಪ್ಪುವ ಮಾತಲ್ಲ.

ಒಂದು ಲೆಕ್ಕ ಮಾಡಿ ನೋಡೋಣ. ಹೊಸಕೋಟೆ ತಾಲ್ಲೂಕಿನ ಸೂಲಿಬೆಲೆಯ ಕಡೆ ರಾಗಿ ಹೊಲದಂಚಿನ ಹುಣಸೆ ಮರದಿಂದ ಹಾಲಕ್ಕಿಯೊಂದು ಬೇಟೆಗೆ ಹೊರಬಿದ್ದಿದೆ ಎಂದುಕೊಳ್ಳಿ. ಹಿಂದಿನವರು ಶಕುನ ಕೇಳುತ್ತಿದ್ದ ಈ ಪುಟ್ಟ ಗೂಬೆಯ ಕಂದು ಮೈಮೇಲೆ ಬಿಳಿ ಚುಕ್ಕೆಗಳಿರುತ್ತವೆ. ಸೂರ್ಯ ಮುಳುಗಿ ಹದಿನೈದು ಇಪ್ಪತ್ತು ನಿಮಿಷವಾಗಿದ್ದರೆ ಬಯಲಿನಲ್ಲಿ ಉಳಿದಿರುವ ಬೆಳಕು ಸುಮಾರು 10 ಲಕ್ಸ್. ನಡುಹಗಲಿನ ಬಿಸಿಲಾದರೋ 1,00,000 ಲಕ್ಸ್. ಹಕ್ಕಿಯ ಮೈ ಬಿದ್ದ ಬೆಳಕಿನ ಶೇಕಡ 18ರಷ್ಟನ್ನು ಚದುರಿಸುತ್ತದೆ ಎನ್ನೋಣ. ಎಫ್/5.6 ಮಸೂರದ ಮೂಲಕ ಸಂವೇದಕಕ್ಕೆ ತಲುಪುವುದು ಸುಮಾರು 0.014 ಲಕ್ಸ್ ಮಾತ್ರ. ಹಸಿರು ಬೆಳಕಿನ ಲೆಕ್ಕದಲ್ಲಿ 1 ಲಕ್ಸ್ ಎಂದರೆ ಚದರ ಮೀಟರಿಗೆ ಸೆಕೆಂಡಿಗೆ ಸುಮಾರು 4×10¹⁵ ಫೋಟಾನ್‌ಗಳು. ಷಟರ್ ಸೆಕೆಂಡಿನ ನೂರನೇ ಒಂದು ಭಾಗ ತೆರೆದಿದ್ದರೆ, 4 ಮೈಕ್ರೊಮೀಟರ್ ಅಗಲದ ಒಂದು ಪಿಕ್ಸೆಲ್ ಮೇಲೆ ಬೀಳುವ ಫೋಟಾನ್‌ಗಳೆಷ್ಟು? ಸುಮಾರು ಒಂಬತ್ತು! ಬಣ್ಣದ ಶೋಧಕವೂ ಸಂವೇದಕವೂ ಇದರಲ್ಲೂ ಒಂದು ಪಾಲನ್ನು ಕಳೆಯುತ್ತವೆ.

ಫೋಟಾನ್‌ಗಳು ಸಾಲುಗಟ್ಟಿ ಬರುವುದಿಲ್ಲ, ಮಳೆಹನಿಗಳಂತೆ ಯಾದೃಚ್ಛಿಕವಾಗಿ ಬೀಳುತ್ತವೆ. ಸರಾಸರಿ ಒಂಬತ್ತಿದ್ದರೆ ಏರಿಳಿತ ಅದರ ವರ್ಗಮೂಲ, ಅಂದರೆ ಮೂರು. ಒಂದೇ ಬಣ್ಣದ ಗರಿಯ ಮೇಲೆ ಒಂದು ಪಿಕ್ಸೆಲ್ ಆರು ಎಣಿಸಿದರೆ ಪಕ್ಕದ್ದು ಹನ್ನೆರಡು ಎಣಿಸುತ್ತದೆ. ಚಿತ್ರ ರವೆರವೆಯಾಗಿ ಕಾಣುವುದು ಇದರಿಂದ. ಅದೇ ಹಕ್ಕಿಯನ್ನು ಬಿಸಿಲಿನಲ್ಲಿ ಸೆಕೆಂಡಿನ ಎರಡು ಸಾವಿರದಲ್ಲೊಂದು ಭಾಗದಲ್ಲಿ ತೆಗೆದರೂ ಪಿಕ್ಸೆಲ್ಲಿಗೆ 4,500 ಫೋಟಾನ್‌ಗಳು ಸಿಗುತ್ತವೆ, ಏರಿಳಿತ ಶೇಕಡ 1.5. ಕ್ಯಾಮೆರಾ ಎರಡು ಸಲವೂ ಒಂದೇ. ಬದಲಾದದ್ದು ಬೆಳಕು.

ಸಂವೇದಕದ ವಿದ್ಯುನ್ಮಂಡಲವೂ ಸ್ವಲ್ಪ ನಾಯ್ಸ್ ಸೇರಿಸುತ್ತದೆ, ನಿಜ. ಇಂದಿನ ಒಳ್ಳೆಯ ಸಂವೇದಕಗಳಲ್ಲಿ ಅದು ಒಂದೆರಡು ಎಲೆಕ್ಟ್ರಾನಿನಷ್ಟು. ಚುಕ್ಕೆಗಳ ನಡುವಿನ ಕಡುಗಂದು ಗರಿಗಳಿಂದ ಬರುವುದೇ ಎರಡು ಫೋಟಾನ್ ಆದಾಗ ಅದನ್ನು ಕಡೆಗಣಿಸುವಂತಿಲ್ಲ. ಆದರೂ ಬಹುಪಾಲು ನಾಯ್ಸ್ ಬೆಳಕಿನದೇ. ಐಎಸ್‌ಒ ಹೆಚ್ಚಿಸಿದರೆ ನಾಯ್ಸ್ ಹುಟ್ಟುತ್ತದೆ ಎಂದು ತರಬೇತಿ ಶಿಬಿರಗಳಲ್ಲಿ ಇಂದಿಗೂ ಹೇಳಿಕೊಡುವುದುಂಟು. ಐಎಸ್‌ಒ ಗುಂಡಿಗೆ ಫೋಟಾನ್‌ಗಳನ್ನು ತರುವ ಶಕ್ತಿಯೂ ಇಲ್ಲ, ಅಟ್ಟುವ ಶಕ್ತಿಯೂ ಇಲ್ಲ.

ವ್ಯಾಖ್ಯೆಯಲ್ಲಿನ ಈ ತಪ್ಪು ಫಿಲ್ಮ್ ಕಾಲದ ಉಳಿಕೆಯೆಂದು ನನಗೆ ತೋರುತ್ತದೆ. ಸಂಡೂರಿನ ಎಂ.ವೈ. ಘೋರ್ಪಡೆಯವರ ‘ಸನ್‌ಲೈಟ್ ಅಂಡ್ ಶ್ಯಾಡೋಸ್’ ಪ್ರಕಟವಾದ 1983ರ ಸುಮಾರಿಗೆ ಚಿತ್ರದ ಒರಟುತನ ಬಹುಮಟ್ಟಿಗೆ ಬೆಳ್ಳಿಯ ಕಣಗಳದು. ಅದು ಫಿಲ್ಮಿನ ಗುಣ ಎನ್ನುವುದರಲ್ಲಿ ಅರ್ಥವಿತ್ತು. ಆ ಮಾತನ್ನೇ ಸಂವೇದಕಕ್ಕೆ ಹೊರಿಸಿದ್ದಾರೆ.

ಹೆಸರಿನಲ್ಲೇನಿದೆ ಎಂದು ನೀವು ಕೇಳಬಹುದು. ನಾಯ್ಸ್ ತೆಗೆಯಲು ಎರಡು ದಾರಿಗಳಿವೆ. ಅಕ್ಕಪಕ್ಕದ ಹದಿನಾರು ಪಿಕ್ಸೆಲ್‌ಗಳನ್ನು ಕೂಡಿಸಿದರೆ 144 ಫೋಟಾನ್, ಏರಿಳಿತ 12, ಅಂದರೆ ಶೇಕಡ 8. ಚಿತ್ರ ಚಿಕ್ಕದಾಗುತ್ತದೆ, ಸೂಕ್ಷ್ಮ ವಿವರ ಹೋಗುತ್ತದೆ, ಉಳಿದದ್ದು ಮಾತ್ರ ಹಕ್ಕಿಯಿಂದ ಬಂದದ್ದು. ಇನ್ನೊಂದು, 2023ರಲ್ಲಿ ಅಡೋಬಿ ಲೈಟ್‌ರೂಮ್‌ಗೂ ಬಂದ ಕೃತಕ ಬುದ್ಧಿಮತ್ತೆಯ ದಾರಿ. ಇಂಥ ತಂತ್ರಾಂಶ ಬೇರೆ ಸಾವಿರಾರು ಚಿತ್ರಗಳಿಂದ ಕಲಿತದ್ದನ್ನು ಆಧರಿಸಿ ಇಲ್ಲಿ ಏನಿದ್ದಿರಬಹುದೆಂದು ಊಹಿಸುತ್ತದೆ. ಒಂಬತ್ತು ಫೋಟಾನ್‌ಗಳು ಹೇಳಲಾಗದ ಗರಿಯ ಎಳೆಗಳು ಪರದೆಯ ಮೇಲೆ ಸ್ಫುಟವಾಗಿ ಮೂಡುತ್ತವೆ. ಏನನ್ನೂ ಸೇರಿಸಬೇಡಿ ಎಂದ ವ್ಯಾಖ್ಯೆಯೇ ಈ ಸೇರ್ಪಡೆಗೆ ಬಾಗಿಲು ತೆರೆದಿದೆ.

ಹಾಲಕ್ಕಿಯ ವಿಷಯದಲ್ಲಿ ಇದರಿಂದ ದೊಡ್ಡ ನಷ್ಟವಿಲ್ಲ, ಅದನ್ನು ಯಾರಾದರೂ ಗುರುತಿಸುತ್ತಾರೆ. ನತ್ತಿಂಗದ, ಅಂದರೆ ನೈಟ್‌ಜಾರ್‌ನ, ಮಾತು ಬೇರೆ. ಅದರ ಪ್ರಭೇದಗಳು ಒಣಗಿದ ಎಲೆಯಂತೆ ಒಂದನ್ನೊಂದು ಹೋಲುತ್ತವೆ. ಕೂಗು ಕೇಳದಿದ್ದಾಗ ಕತ್ತಿನ ಪಟ್ಟಿ, ಹೆಗಲ ಗರಿಗಳ ಅಂಚು, ಬಾಲದ ಬಿಳುಪುಗಳನ್ನೇ ನಂಬಬೇಕು. ಇ-ಬರ್ಡ್‌ನಂಥ ದಾಖಲೆಗಳಲ್ಲಿ ಅಪರೂಪದ ಹಕ್ಕಿಗೆ ಛಾಯಾಚಿತ್ರವೇ ಸಾಕ್ಷಿ. ಆ ಅಂಚನ್ನು ಬರೆದದ್ದು ತಂತ್ರಾಂಶವಾದರೆ ಸಾಕ್ಷಿಯ ಗತಿಯೇನು?

ಶಿಕ್ಷಕರು ಇದನ್ನು ತರಗತಿಯಲ್ಲೇ ಪರೀಕ್ಷಿಸಬಹುದು. ಸಮನಾದ ಬೆಳಕಿರುವ ಬಿಳಿ ಗೋಡೆಯನ್ನು ಒಂದೇ ಐಎಸ್‌ಒದಲ್ಲಿ ಬೇರೆ ಬೇರೆ ಷಟರ್ ವೇಗಗಳಲ್ಲಿ ತೆಗೆದು, ರಾ ಕಡತದ ಮಧ್ಯಭಾಗದ ಪಿಕ್ಸೆಲ್‌ಗಳ ಸರಾಸರಿಯನ್ನೂ ವಿಚಲನೆಯ ವರ್ಗವನ್ನೂ ನಕ್ಷೆಯಲ್ಲಿ ಗುರುತಿಸಿ. ಹೆಚ್ಚುಕಡಿಮೆ ಸರಳರೇಖೆ ಬರುತ್ತದೆ. ಆ ರೇಖೆ ಬೆಳಕಿನದು. ಸರಾಸರಿ ಸೊನ್ನೆಯಾಗುವಲ್ಲಿ ಅದು ಕತ್ತರಿಸುವ ಅಲ್ಪ ಎತ್ತರವಷ್ಟೇ ಕ್ಯಾಮೆರಾ ಸೇರಿಸಿದ್ದು.

ಸ್ಪರ್ಧೆ ನಡೆಸುವವರಿಗೆ ನನ್ನ ಸೂಚನೆ ಇಷ್ಟೆ. ವಿನಾಯಿತಿಯ ಪಟ್ಟಿಯಿಂದ ನಾಯ್ಸನ್ನು ಹೊರಗಿಟ್ಟು ಅದಕ್ಕೆ ಬೇರೆಯೇ ನಿಯಮ ಬರೆಯಲಿ: ಪಿಕ್ಸೆಲ್ ಕೂಡಿಸುವುದಕ್ಕೆ ಅವಕಾಶವಿರಲಿ, ಊಹಿಸಿ ತುಂಬುವುದಕ್ಕೆ ಬೇಡ. ಮುಸ್ಸಂಜೆಯ ಚಿತ್ರಗಳ ಜೊತೆ ರಾ ಕಡತವನ್ನೂ ತರಿಸಿಕೊಳ್ಳಲಿ. ತೀರ್ಪುಗಾರರು ರವೆರವೆಯಾದ ಚಿಕ್ಕ ಚಿತ್ರವನ್ನು ಬದಿಗೆ ಸರಿಸುವ ಮೊದಲು ಹಕ್ಕಿ ಕೂತಿದ್ದ ಹೊತ್ತು ಯಾವುದೆಂದು ಕೇಳಲಿ.